ಹಾಡುವುದೋ, ಹಾಡಿಸುವುದೋ: ಒಪೆರಾ ಗಾಯಕರ ದಾರಿ, ಪಿಯಾನೊ ಸಹವಾದಕರ ದಾರಿ

ವಿಯೆನ್ನಾದ ಸಂಗೀತ ರಚನಕಾರ ಶೂಬರ್ಟ್ ಇನ್ನೂ ಹದಿನೆಂಟರ ಹುಡುಗನಾಗಿದ್ದಾಗ, 1815ರಲ್ಲಿ, ಜರ್ಮನ್ ಕವಿ ಗಯಟೆಯ ಒಂದು ಕವಿತೆಗೆ ಸಂಗೀತ ಬರೆದ. ಹೆಸರು 'ಎರ್ಲ್‌ಕ್ಯೋನಿಗ್'. ರಾತ್ರಿ, ಗಾಳಿ, ಮಗುವನ್ನು ಎದೆಗವಚಿಕೊಂಡು ಕುದುರೆ ಓಡಿಸುತ್ತಿರುವ ಅಪ್ಪ, ಆ ಮಗುವಿಗೆ ಮಾತ್ರ ಕಾಣುವ ಒಬ್ಬ ಮಾಯಾವಿ. ನಾಲ್ಕು ನಿಮಿಷದ ಹಾಡು. ಕಥೆ ಹೇಳುವವನು, ಅಪ್ಪ, ಮಗು, ಮಾಯಾವಿ, ಇಷ್ಟೂ ಜನರ ದನಿಯನ್ನು ಹಾಡುವವರು ಒಂದೇ ಗಂಟಲಲ್ಲಿ ತೆಗೆಯಬೇಕು. ಅಷ್ಟು ಹೊತ್ತೂ ಪಿಯಾನೊ ಮುಂದೆ ಕುಳಿತವರ ಬಲಗೈ ಕುದುರೆಯ ಗೊರಸು. ಕೆಳಗಿನ ಷಡ್ಜ, ಮೇಲಿನ ಷಡ್ಜ ಎರಡನ್ನೂ ಒಟ್ಟಿಗೆ ಹಿಡಿದಂತೆ ಕೈ ಚಾಚಿ, ಬಿಡದೆ ಹೊಡೆಯುತ್ತಿರಬೇಕು. ಅಚ್ಚಾದ ಪ್ರತಿಯಲ್ಲಿ ನಿಮಿಷಕ್ಕೆ 152 ಎಣಿಕೆ, ಒಂದೊಂದು ಎಣಿಕೆಗೂ ಮೂರು ಹೊಡೆತ; ಲೆಕ್ಕ ಹಾಕಿದರೆ ಸೆಕೆಂಡಿಗೆ ಏಳೂವರೆ ಸಲ. ಶೂಬರ್ಟನಿಗೇ ಇದು ಜಾಸ್ತಿಯಾಯಿತೋ ಏನೋ, ಒಂದು ಆವೃತ್ತಿಯಲ್ಲಿ ಮೂರರ ಜಾಗದಲ್ಲಿ ಎರಡೇ ಹೊಡೆತ ಬರೆದಿಟ್ಟಿದ್ದಾನೆ.

ಹಾಡು ಮುಗಿದಾಗ ಸಭೆಯ ಕಣ್ಣೆಲ್ಲ ನಿಂತವರ ಮೇಲೆ. ಕುಳಿತವರ ಮುಂಗೈ ಕಲ್ಲಾಗಿರುತ್ತದೆ. ನಿಂತವರು ಕೈ ತೋರಿಸಿದ ಮೇಲೆ ಕುಳಿತವರೂ ಎದ್ದು ನಮಸ್ಕರಿಸುತ್ತಾರೆ. ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕದ ಗಾಯಕರೋ, ಹಾಡುವವರಿಗೆ ಪಿಯಾನೊ ನುಡಿಸುವವರೋ, ಈ ಇಬ್ಬರಲ್ಲಿ ಯಾರಾಗಬೇಕು ಅನ್ನುವವರಿಗಾಗಿ ಈ ಬರಹ.

ಬೆಂಗಳೂರಿನಲ್ಲಿ ಪಿಯಾನೊ ಹೇಳಿಕೊಡುವುದು, ಹಾಡುವವರಿಗೆ ನುಡಿಸುವುದು ನನ್ನ ಹೊಟ್ಟೆಪಾಡು. ವರ್ಷಕ್ಕೆ ಇಬ್ಬರು ಮೂವರು ತಂದೆತಾಯಿಯರಾದರೂ ಒಂದೇ ಪ್ರಶ್ನೆ ಹಿಡಿದು ಬರುತ್ತಾರೆ: "ಮೇಡಂ, ಇವಳು ಹಾಡ್ತಾಳೆ, ಪಿಯಾನೊನೂ ಏಳನೇ ಗ್ರೇಡ್ ಆಗಿದೆ. ಹೊರಗೆ ಕಳಿಸೋದಾದ್ರೆ ಯಾವುದಕ್ಕೆ ಕಳಿಸೋಣ?" ಮನೆಯ ಸೈಟು ಮಾರಿ ಕಳಿಸುವವರೂ ಇದ್ದಾರೆ, ಹಾಗಾಗಿ ಹಾರಿಕೆಯ ಉತ್ತರ ಕೊಡಲು ಮನಸ್ಸು ಬರುವುದಿಲ್ಲ. ನಾನು ಪಿಯಾನೊ ಕಡೆಯವಳು, ತಕ್ಕಡಿ ಒಂದಿಷ್ಟು ಆ ಕಡೆ ವಾಲಿದ್ದರೆ ಅದನ್ನು ನೀವೇ ಸರಿಮಾಡಿಕೊಂಡು ಓದಿ.

ಹೆಸರಿನ ವಿಷಯ ಮೊದಲು. ಪಾಶ್ಚಾತ್ಯ ಸಂಗೀತದಲ್ಲಿ ಒಬ್ಬರೇ ಕಚೇರಿ ಕೊಡುವ ಪಿಯಾನಿಸ್ಟ್ ಬೇರೆ, ಗಾಯಕರ ಅಥವಾ ಪಿಟೀಲಿನವರ ಜತೆ ನುಡಿಸುವವರು ಬೇರೆ. ಎರಡನೆಯವರನ್ನು ಹಿಂದೆ 'ಅಕಂಪನಿಸ್ಟ್' ಅನ್ನುತ್ತಿದ್ದರು. ಪಿಟೀಲು ವಾದಕ ಇಟ್ಜಾಕ್ ಪರ್ಲ್‌ಮನ್ ಜತೆ ದಶಕಗಟ್ಟಲೆ ನುಡಿಸಿದ ಸ್ಯಾಮ್ಯುಯೆಲ್ ಸ್ಯಾಂಡರ್ಸ್‌ಗೆ ಆ ಮಾತಿನಲ್ಲಿದ್ದ 'ಹಿಂದೆ ಬರುವವನು' ಅನ್ನುವ ಧ್ವನಿ ಹಿಡಿಸಲಿಲ್ಲ. ಅವರಿಂದ ಚಾಲ್ತಿಗೆ ಬಂದದ್ದು 'ಕೊಲಾಬರೇಟಿವ್ ಪಿಯಾನಿಸ್ಟ್'. ನಾವು ಪಕ್ಕವಾದ್ಯ ಅಂದರೆ ಅರ್ಧ ಅರ್ಥ ಸಿಕ್ಕ ಹಾಗೆ. ನಮ್ಮ ಪಿಟೀಲಿನವರು ಗಾಯಕರ ಜಾಡು ಹಿಡಿದು ಆ ಕ್ಷಣದಲ್ಲೇ ಕಟ್ಟುತ್ತಾ ಹೋಗುತ್ತಾರೆ. ಇಲ್ಲಿ ಒಂದೊಂದು ಸ್ವರವೂ ಹಾಳೆಯ ಮೇಲಿದೆ, ಗಾಯಕರಿಗೆ ಮೇಲಿನ ಒಂದು ಸಾಲು, ಪಿಯಾನೊಗೆ ಕೆಳಗಿನ ಎರಡು. ಮನೋಧರ್ಮ ಏನಿದ್ದರೂ ಎಷ್ಟು ಕಾಯಬೇಕು, ಎಷ್ಟು ತಗ್ಗಬೇಕು, ಯಾವಾಗ ತಳ್ಳಬೇಕು ಅನ್ನುವುದರಲ್ಲಿ.

ಎರಡು ಗಡಿಯಾರ

ನನ್ನ ಉತ್ತರದ ಮುಕ್ಕಾಲು ಪಾಲು ವಯಸ್ಸಿನಲ್ಲೇ ಇದೆ.

ಶಾರೀರ ನಿಧಾನಕ್ಕೆ ಮಾಗುವ ಫಲ. ಹದಿನೇಳು ಹದಿನೆಂಟಕ್ಕೆ ಗಂಭೀರವಾಗಿ ಶುರುಮಾಡಿದರೂ ತಡವಾಯಿತು ಅನ್ನುವ ಹಾಗಿಲ್ಲ. ಇಪ್ಪತ್ತೈದರಲ್ಲಿ ಇದ್ದ ದನಿ ಮೂವತ್ತೈದರಲ್ಲಿ ಇರುವುದಿಲ್ಲ. ಜರ್ಮನಿಯ ವಾಗ್ನರ್ ಬರೆದ ಒಪೆರಾಗಳನ್ನು ಹಾಡುವ ಭಾರಿ ಶಾರೀರಗಳಂತೂ ಮೂವತ್ತು ದಾಟದೆ ಪಳಗುವುದಿಲ್ಲ. ಕೈಯ ಕಥೆ ಹಾಗಲ್ಲ. ಬೆರಳು ಎಂಟು ಹತ್ತು ವರ್ಷಕ್ಕೆಲ್ಲ ದಾರಿಗೆ ಬಿದ್ದಿರಬೇಕು. ಹದಿನೆಂಟಕ್ಕೆ ಪಿಯಾನೊ ಹಿಡಿದು ವೃತ್ತಿಯ ಮಟ್ಟಕ್ಕೆ ಬಂದ ಒಬ್ಬರನ್ನೂ ನಾನು ನೋಡಿಲ್ಲ.

ಆದ್ದರಿಂದ ಎರಡೂ ಕೈಯಲ್ಲಿರುವ ಹದಿನಾರರ ಮಗುವಿಗೆ ನಾನು ಹೇಳುವುದು ಇಷ್ಟೇ: ಈಗ ಪಿಯಾನೊ ಬಿಡಬೇಡ. ಹಾಡನ್ನು ಇಪ್ಪತ್ತಕ್ಕೆ ಮತ್ತೆ ಎತ್ತಿಕೊಳ್ಳಬಹುದು, ಬಿಟ್ಟ ಪಿಯಾನೊ ಹಾಗೆ ಮರಳಿ ಬರುವುದಿಲ್ಲ. ಗಾಯಕಿಯೇ ಆದಳು ಅನ್ನಿ, ಪಿಯಾನೊ ಬರುವ ಗಾಯಕಿ ಹೊಸ ಪಾತ್ರವನ್ನು ಮನೆಯಲ್ಲೇ ಕುಳಿತು ತಾನೇ ಬಿಡಿಸಿಕೊಳ್ಳುತ್ತಾಳೆ. ಗಂಟೆಗಿಷ್ಟು ಕೊಟ್ಟು ನನ್ನಂಥವರ ಹತ್ತಿರ ಬರಬೇಕಾದದ್ದು ಸ್ವರ ಕಲಿಯುವುದಕ್ಕಲ್ಲ, ಅದರ ಆಚೆಯದಕ್ಕೆ.

ಮುಗಿಯುವ ಹೊತ್ತೂ ಬೇರೆ. ಫ್ರಾನ್ಸಿನ ಸೊಪ್ರಾನೊ (ಹೆಂಗಸರ ಅತಿ ಎತ್ತರದ ದನಿಯ ಗಾಯಕಿ) ನತಾಲಿ ದೆಸೆ ಸ್ವರತಂತುಗಳಿಗೆ 2002ರಲ್ಲಿ, 2004ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮತ್ತೆ ರಂಗಕ್ಕೆ ಬಂದವರು. 2013ರಲ್ಲಿ, ಇನ್ನೂ ಐವತ್ತಾಗುವ ಮೊದಲೇ ಒಪೆರಾಗೆ ವಿದಾಯ ಹೇಳಿದರು. 1945ರಲ್ಲಿ ಹುಟ್ಟಿದ ವಿಯೆನ್ನಾದ ಪಿಯಾನಿಸ್ಟ್ ಹೆಲ್ಮುಟ್ ಡಾಯ್ಚ್ ಎಪ್ಪತ್ತೈದು ದಾಟಿದ ಮೇಲೂ ಯೋನಾಸ್ ಕೌಫ್‌ಮನ್‌ರಂಥ ಗಾಯಕರ ಜತೆ ವೇದಿಕೆ ಏರಿದ್ದಾರೆ. ಪಿಯಾನೊದವರಿಗೆ ಕೈಬೇನೆ ಬರುವುದಿಲ್ಲ ಅಂತಲ್ಲ, ಮಣಿಕಟ್ಟಿನ ಸ್ನಾಯು ಉರಿದು ಆರು ತಿಂಗಳು ಮನೆಯಲ್ಲಿ ಕೂತವರಿದ್ದಾರೆ. ಆದರೆ ಒಟ್ಟು ಲೆಕ್ಕದಲ್ಲಿ ನಮ್ಮ ಕಡೆಯ ಓಟ ಉದ್ದ.

ಶರೀರವೇ ವಾದ್ಯ

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದ ಸಭಾಂಗಣದಲ್ಲಿ ಸುಮಾರು 3,800 ಆಸನ. ಮೈಕ್ ಇಲ್ಲ. ಕೆಳಗೆ ಗುಂಡಿಯಲ್ಲಿ ಎಂಬತ್ತು ತೊಂಬತ್ತು ವಾದ್ಯ. ಹಾಡುವವರ ದನಿ ಅವೆಲ್ಲವನ್ನೂ ದಾಟಿ ಕೊನೆಯ ಬಾಲ್ಕನಿಯ ಹಿಂದಿನ ಗೋಡೆ ಮುಟ್ಟಬೇಕು. ಅರಚಿದರೆ ಆಗುವ ಕೆಲಸವಲ್ಲ. ಸ್ವೀಡನ್ನಿನ ಧ್ವನಿವಿಜ್ಞಾನಿ ಯೊಹಾನ್ ಸುಂಡ್‌ಬೆರಿ ಇದನ್ನು ಅಳೆದು ತೋರಿಸಿದ್ದಾರೆ: ವಾದ್ಯವೃಂದದ ಬಲವೆಲ್ಲ 500 ಹರ್ಟ್ಸ್‌ನ ಆಸುಪಾಸಿನಲ್ಲಿ ದಟ್ಟವಾಗಿರುತ್ತದೆ, 3,000ದ ಹತ್ತಿರ ತೆಳ್ಳಗಾಗುತ್ತದೆ, ಪಳಗಿದ ಗಾಯಕರು, ಅದರಲ್ಲೂ ಗಂಡು ದನಿಗಳು, ಗಂಟಲ ಒಳಜಾಗವನ್ನು ಹೊಂದಿಸಿಕೊಂಡು ಸರಿಯಾಗಿ ಆ ತೆಳ್ಳನೆಯ ಜಾಗದಲ್ಲಿ ಮೊನೆ ಹಾಕುತ್ತಾರೆ. ಆ ಮೊನೆ ಕೆಲವರಿಗೆ ಎರಡು ವರ್ಷಕ್ಕೆ ಸಿಗುತ್ತದೆ, ಕೆಲವರಿಗೆ ಹತ್ತು ವರ್ಷವಾದರೂ ಇಲ್ಲ.

ನಮ್ಮಲ್ಲಿ ಕರ್ನಾಟಕ ಸಂಗೀತ ಕಲಿತು ಬರುವ ಹುಡುಗಿಯರಿಗೆ ಇಲ್ಲೇ ಮೊದಲ ಗೋಡೆ ಎದುರಾಗುವುದು. ಐದು ಮನೆ ಶ್ರುತಿಗೆ ಹಾಡಿ ತಾರಸ್ಥಾಯಿಯ ಪಂಚಮ ಮುಟ್ಟಿದರೆ ನಾವು ಭೇಷ್ ಅನ್ನುತ್ತೇವೆ. ಸೊಪ್ರಾನೊಗಳ ತುದಿಯ 'ಸಿ' ಅದಕ್ಕಿಂತ ಇನ್ನೂ ಆರೇಳು ಸ್ವರ ಮೇಲಿದೆ, ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಕಂಪನ, ಅದೂ ಮೈಕಿಲ್ಲದೆ. ಎದೆಯ ದನಿಯನ್ನೇ ಮೇಲೆ ಎಳೆದುಕೊಂಡು ಹೋಗುವ ಅಭ್ಯಾಸ ಬಿಡಿಸುವುದಕ್ಕೆ ವರ್ಷಗಳು ಬೇಕು. ಶ್ರುತಿಶುದ್ಧಿ, ಲಯ, ನೆನಪು ಮೂರೂ ಬಳುವಳಿಯಾಗಿ ಬಂದಿರುತ್ತವೆ, ಅದೇನೂ ಸಣ್ಣ ಆಸ್ತಿಯಲ್ಲ.

ಇನ್ನೊಂದು ಬಳುವಳಿ ಭಾಷೆಯದು. ಇಟಾಲಿಯನ್ ಮಾತು ನಮ್ಮ ಹಾಗೇ ಸ್ವರದಲ್ಲಿ ಕೊನೆಯಾಗುತ್ತದೆ. ಇಂಗ್ಲಿಷ್ ಮನೆಮಾತಿನ ಗಾಯಕರಿಗೆ 'ನೊತ್ತೆ', 'ಬೆಲ್ಲ' ಅನ್ನುವಲ್ಲಿ ಒತ್ತಕ್ಷರ ನಿಲ್ಲಿಸುವುದನ್ನು ಕಲಿಸಲು ತಿಂಗಳು ಹಿಡಿಯುತ್ತದೆ. ಅಕ್ಕ, ಅಪ್ಪ, ಬೆಲ್ಲ ಅಂದುಕೊಂಡು ಬೆಳೆದವರಿಗೆ ಅದು ಪಾಠವೇ ಅಲ್ಲ. ಹಲ್ಲಿಗೆ ನಾಲಿಗೆ ತಾಗಿಸುವ ತ, ದ ಕೂಡ ಹಾಗೇ. ಜರ್ಮನ್ ಭಾಷೆ ಮಾತ್ರ ಈ ಅಹಂಕಾರವನ್ನೆಲ್ಲ ಇಳಿಸಿಬಿಡುತ್ತದೆ.

ವಾದ್ಯ ಮೈಯೊಳಗೇ ಇದೆ ಅಂದಮೇಲೆ ಅದಕ್ಕೆ ರಜೆ ಇಲ್ಲ. ನೆಗಡಿ, ಹೋಟೆಲಿನ ಎ.ಸಿ., ಜೋರು ಗದ್ದಲದ ಮದುವೆ ಊಟ, ಎಲ್ಲವೂ ಸಂಬಳಕ್ಕೆ ತಾಗುವ ವಿಷಯ. ಮೈಕಟ್ಟನ್ನು ನೋಡಿ ಮಾತಾಡುವವರೂ ಇದ್ದಾರೆ. 2004ರಲ್ಲಿ ಲಂಡನ್ನಿನ ರಾಯಲ್ ಒಪೆರಾ, ಆ ಕಾಲದ ದೊಡ್ಡ ಸೊಪ್ರಾನೊಗಳಲ್ಲಿ ಒಬ್ಬರಾದ ಡೆಬೊರಾ ವೊಯ್ಟ್‌ರನ್ನು ಒಂದು ಕಪ್ಪು ಉಡುಪಿಗೆ ಒಗ್ಗುವುದಿಲ್ಲ ಅಂತ ಪಾತ್ರದಿಂದ ಕೈಬಿಟ್ಟಿತು. ಪಿಯಾನಿಸ್ಟಿಗೆ ಯಾರೂ ಹಾಗೆ ಹೇಳುವುದಿಲ್ಲ. ಪಿಯಾನಿಸ್ಟನ್ನು ಅಷ್ಟು ನೋಡುವುದೇ ಇಲ್ಲ ಅನ್ನಿ.

ದಿನವಿಡೀ ಮಾಡುವುದೇನು

ವೇದಿಕೆಯ ಮೇಲಿನ ಸಂಜೆಯನ್ನು ನೋಡಿ ವೃತ್ತಿ ಆರಿಸಿಕೊಳ್ಳಬಾರದು, ಅದು ವರ್ಷದ ಎಷ್ಟೋ ದಿನಗಳಲ್ಲಿ ಬರುವುದೇ ಇಲ್ಲ.

ಗಾಯಕರ ದಿನದಲ್ಲಿ ಹಾಡುವ ಹೊತ್ತು ಆಶ್ಚರ್ಯವಾಗುವಷ್ಟು ಕಡಿಮೆ. ಪೂರ್ತಿ ದನಿಯಲ್ಲಿ ದಿನಕ್ಕೆ ಎರಡು ಗಂಟೆ ದಾಟಿದರೆ ನಾಳೆಯ ಗಂಟಲು ಕೇಳುವುದಿಲ್ಲ. ಉಳಿದ ಹೊತ್ತೆಲ್ಲ ಮಾತು ಬಾಯಿಪಾಠ, ಉಚ್ಚಾರ, ಅರ್ಥ, ರಂಗತಾಲೀಮು, ಪ್ರಯಾಣ, ಮತ್ತೆ ಸುಮ್ಮನಿರುವುದು. ಸುಮ್ಮನಿರುವುದೂ ಕೆಲಸವೇ. ಯಾವುದೋ ಊರಿನ ಬಾಡಿಗೆ ಕೋಣೆಯಲ್ಲಿ ಒಬ್ಬರೇ, ಮಾತಾಡದೆ, ಬಿಸಿನೀರು ಕುಡಿಯುತ್ತಾ ಆರು ವಾರ ಕಳೆಯುವುದು ನಿಮ್ಮ ಕೈಲಾಗುತ್ತದೆಯೇ ಅಂತ ಯೋಚಿಸಿ.

ಪಿಯಾನೊ ಕಡೆ ಎರಡು ಕವಲು. ಒಂದು ಕಚೇರಿಯದು: ಶೂಬರ್ಟ್, ಶೂಮನ್, ದೆಬ್ಯುಸಿ ಹಾಡುಗಳನ್ನು ಗಾಯಕರ ಜತೆ ಸರಿಸಮನಾಗಿ ನುಡಿಸುವುದು. ಗಾಯಕರು ಪಿಯಾನೊದ ಸೊಂಟದಲ್ಲಿ ಸಭೆಗೆ ಮುಖಮಾಡಿ ನಿಲ್ಲುತ್ತಾರೆ. ನಮಗೆ ಕಾಣುವುದು ಅವರ ಪಕ್ಕೆ, ಬೆನ್ನು. ಉಸಿರು ಒಳಗೆ ಹೋದಾಗ ಹೆಗಲ ಮೂಳೆಗಳ ಕೆಳಗೆ ಬಟ್ಟೆ ಒಂದಿಷ್ಟು ಬಿಗಿಯುತ್ತದೆ. ನಾನು ನುಡಿಸುವುದು ಆ ಬಟ್ಟೆಯನ್ನು ನೋಡಿಕೊಂಡು. ಬಿಗಿಯುವುದು ಎಂದಿಗಿಂತ ಕಡಿಮೆಯಾಯಿತು ಅಂದರೆ ಮುಂದಿನ ಉದ್ದ ಸಾಲು ದಡ ಸೇರುವುದಿಲ್ಲ, ನಾನೇ ಕೂದಲೆಳೆಯಷ್ಟು ಮುಂದೆ ಸರಿಯಬೇಕು. ಸಭೆಗೆ ಅದು ಗೊತ್ತಾಗಬಾರದು.

ಇನ್ನೊಂದು ಕವಲು ಒಪೆರಾ ಮನೆಯದು, ರೆಪೆಟಿಟರ್ ಅನ್ನುತ್ತಾರೆ. ಇದನ್ನು ನಮ್ಮವರಿಗೆ ವಿವರಿಸುವುದು ಸುಲಭ: ಕಂಪನಿ ನಾಟಕದ ಪೇಟಿ ಮಾಸ್ತರ. ಹೊಸ ಪಾತ್ರಧಾರಿಗೆ ಪದ ಬಾಯಿಗೆ ಹಾಕುವವನು, ಶ್ರುತಿ ತಪ್ಪಿದರೆ ಗದರುವವನು, ಯಾರ ಪದ ಎಲ್ಲಿ ಬರುತ್ತದೆ ಅಂತ ಇಡೀ ನಾಟಕ ತಲೆಯಲ್ಲಿಟ್ಟುಕೊಂಡವನು. ರೆಪೆಟಿಟರ್ ಮಾಡುವುದೂ ಅದನ್ನೇ, ನಾಲ್ಕು ಭಾಷೆಗಳಲ್ಲಿ. ಬೆಳಿಗ್ಗೆ ಒಬ್ಬೊಬ್ಬ ಗಾಯಕರ ಜತೆ ಗಂಟೆ ಗಂಟೆ. ಮಧ್ಯಾಹ್ನ ನಿರ್ದೇಶಕರ ತಾಲೀಮು. ಬಾಗಿಲು ತೆಗೆದು ಒಳಬರುವ ಒಂದು ದೃಶ್ಯಕ್ಕೆ ಅದೇ ಹನ್ನೆರಡು ಸಾಲನ್ನು ಹದಿನೈದು ಸಲ. ಬರದಿದ್ದ ಪಾತ್ರಧಾರಿಯ ಸಾಲನ್ನು ನುಡಿಸುತ್ತಲೇ ತಾನು ಹಾಡಬೇಕು, ಗಂಡಸರದಾಗಲಿ ಹೆಂಗಸರದಾಗಲಿ. ಎದುರಿಗಿರುವುದು ಪಿಯಾನೊಗೆ ಬರೆದ ಸಂಗೀತವಲ್ಲ, ವಾದ್ಯವೃಂದವನ್ನು ಹಿಂಡಿ ಎರಡು ಸಾಲಿಗೆ ಇಳಿಸಿದ್ದು. ರಿಚರ್ಡ್ ಸ್ಟ್ರಾಸ್‌ನ 'ಎಲೆಕ್ಟ್ರಾ' ಒಪೆರಾಗೆ ನೂರಕ್ಕೂ ಹೆಚ್ಚು ವಾದ್ಯ ಬೇಕು, ನಮಗಿರುವುದು ಹತ್ತು ಬೆರಳು. ಏನನ್ನು ಬಿಡಬೇಕು ಅನ್ನುವುದೇ ವಿದ್ಯೆ. ಎಲ್ಲ ಸ್ವರವನ್ನೂ ನುಡಿಸಹೋಗಿ ಲಯ ಕಳೆದುಕೊಂಡವನಿಗಿಂತ, ಅರ್ಧ ಬಿಟ್ಟು ಗಾಯಕರಿಗೆ ಬೇಕಾದ ತಾಳ ಮತ್ತು ತಳಸ್ವರ ಕೊಟ್ಟವನು ಮೇಲು.

ಐದಾರು ವಾರ ಹೀಗೆ ನಡೆದ ಮೇಲೆ ವಾದ್ಯವೃಂದ ಬರುತ್ತದೆ. ಗಾಯಕರು ಕುರ್ಚಿಯಲ್ಲಿ ಕುಳಿತೇ ಹಾಡುವ ಆ ಮೊದಲ ತಾಲೀಮಿಗೆ ಜರ್ಮನ್ನಿನಲ್ಲಿ 'ಸಿಟ್ಸ್‌ಪ್ರೋಬೆ' ಅನ್ನುತ್ತಾರೆ. ಅಂದಿಗೆ ಪಿಯಾನೊ ಮುಚ್ಚಿತು. ಅಲ್ಲಿಯವರೆಗೆ ಇಡೀ ನಾಟಕವನ್ನು ಹೊತ್ತವರು ಖಾಲಿ ಸಭಾಂಗಣದ ಹತ್ತನೇ ಸಾಲಿನಲ್ಲಿ ಪೆನ್ಸಿಲ್ ಹಿಡಿದು ಕೂರುತ್ತಾರೆ, ಯಾವ ಮಾತು ಕೇಳಿಸುತ್ತಿಲ್ಲ ಅಂತ ಗುರುತುಹಾಕಲು. ಇದು ನೋವಾಗುತ್ತದೆ ಅನ್ನುವವರು ಕಚೇರಿಯ ಕವಲಿಗೆ ಹೋಗುವುದು ಒಳ್ಳೆಯದು. ನೋವಿನ ಬದಲು ಕುತೂಹಲ ಆಗುತ್ತದೆ ಅನ್ನುವವರಿಗೆ ಇದೇ ಕುರ್ಚಿಯಿಂದ, ಇಡೀ ವಾದ್ಯವೃಂದವನ್ನು ನಡೆಸುವ ಕಂಡಕ್ಟರಿನ ಜಾಗದವರೆಗೆ ಹತ್ತುವ ಏಣಿ ಇದೆ. ಗಿಯೊರ್ಗ್ ಶೋಲ್ಟಿ ಬುಡಾಪೆಸ್ಟಿನ ಒಪೆರಾದಲ್ಲಿ ರೆಪೆಟಿಟರ್ ಆಗಿದ್ದವರು. ಕ್ರಿಸ್ಟಿಯಾನ್ ಟೀಲೆಮನ್ 1978ರಲ್ಲಿ, ಹತ್ತೊಂಬತ್ತರ ವಯಸ್ಸಿಗೆ, ಬರ್ಲಿನ್ನಿನ ಡಾಯ್ಚೆ ಒಪೆರಾದಲ್ಲಿ ಅದೇ ಕೆಲಸಕ್ಕೆ ಸೇರಿದರು. 2002ರಿಂದ 2024ರವರೆಗೆ ರಾಯಲ್ ಒಪೆರಾದ ಸಂಗೀತ ನಿರ್ದೇಶಕರಾಗಿದ್ದ ಆಂಟೋನಿಯೊ ಪಪ್ಪಾನೊ ನ್ಯೂಯಾರ್ಕಿನಲ್ಲಿ ತಾಲೀಮಿನ ಪಿಯಾನಿಸ್ಟ್ ಆಗಿ ಶುರುಮಾಡಿದವರು.

ಇನ್ನು ನನ್ನದೇ ಒಂದು ಪೇಚು. ಹೊರದೇಶದಲ್ಲಿ ಓದುತ್ತಿದ್ದಾಗ ಒಂದು ಸಂಗೀತ ಶಾಲೆಯ ಪ್ರವೇಶ ಪರೀಕ್ಷೆಗೆ ನುಡಿಸಲು ಕರೆದಿದ್ದರು. ಹತ್ತು ನಿಮಿಷಕ್ಕೊಬ್ಬರು, ಬೆಳಿಗ್ಗೆಯಿಂದ ಸಂಜೆಯವರೆಗೆ. ನಡುಮಟ್ಟದ ಗಂಡು ದನಿಯ, ಅಂದರೆ ಬ್ಯಾರಿಟೋನ್, ಹುಡುಗನೊಬ್ಬ ಕೊಟ್ಟದ್ದು 'ಎರ್ಲ್‌ಕ್ಯೋನಿಗ್', ತಗ್ಗಿನ ಶ್ರುತಿಯ ಪ್ರತಿ, ಜೆರಾಕ್ಸ್. ಪ್ರತಿ ಪುಟದ ಕೆಳಗಿನ ಸಾಲು, ಅಂದರೆ ಎಡಗೈಯದು, ಅರ್ಧಕ್ಕೆ ಕತ್ತರಿಸಿ ಹೋಗಿತ್ತು. ಬಾಯಿಪಾಠ ಇದೆಯಲ್ಲ ಅಂತ ಧೈರ್ಯ ಮಾಡಿದೆ. ಆದರೆ ನನಗೆ ಬಾಯಿಪಾಠ ಇದ್ದದ್ದು ಮೂಲ ಶ್ರುತಿಯಲ್ಲಿ. ಮೂರನೇ ಪುಟದಲ್ಲಿ ಬಲಗೈ ಅವನ ಶ್ರುತಿಯಲ್ಲಿ, ಎಡಗೈ ನನ್ನ ನೆನಪಿನ ಶ್ರುತಿಯಲ್ಲಿ, ಎರಡು ಸಾಲಿನಷ್ಟು ದೂರ ಹೋಗಿಬಿಟ್ಟವು. ಹುಡುಗ ನಿಲ್ಲಲಿಲ್ಲ, ಪುಣ್ಯಾತ್ಮ. ಆಯ್ಕೆಯೂ ಆಗಲಿಲ್ಲ. ನನ್ನಿಂದಲೋ ಅವನಿಂದಲೋ ಇವತ್ತಿಗೂ ಗೊತ್ತಿಲ್ಲ. ಈ ಕೆಲಸದಲ್ಲಿ ನಿಮ್ಮ ತಪ್ಪಿನ ಬೆಲೆಯನ್ನು ಬೇರೆಯವರು ತೆರುತ್ತಾರೆ, ಅದನ್ನು ಹೊತ್ತುಕೊಂಡು ಮುಂದಿನ ಹತ್ತು ನಿಮಿಷಕ್ಕೆ ಹೊಸಬರಿಗೆ ನಗುನಗುತ್ತಾ "ವೇಗ ಎಷ್ಟು ಬೇಕು?" ಅಂತ ಕೇಳಬೇಕು.

ದುಡ್ಡಿನ ಮಾತು

ಒಪೆರಾದಲ್ಲಿ ದುಡ್ಡು ಮಳೆಯ ಹಾಗೆ: ಬಂದರೆ ಬಂತು. ಅಮೆರಿಕದಲ್ಲಿ ಅತಿಥಿ ಗಾಯಕರ ಸಂಭಾವನೆ ಸಾಮಾನ್ಯವಾಗಿ ಪ್ರದರ್ಶನಕ್ಕೆ ಇಷ್ಟು ಅಂತ ಗೊತ್ತಾಗುತ್ತದೆ. ನಾಲ್ಕೈದು ವಾರದ ತಾಲೀಮೆಲ್ಲ ಅದರೊಳಗೇ ಸೇರಿತು. ಪ್ರದರ್ಶನದ ದಿನ ಗಂಟಲು ಕಟ್ಟಿದರೆ ಆ ದಿನದ ಹಣ ಇಲ್ಲ. ಬಂದದ್ದರಲ್ಲಿ ಏಜೆಂಟರ ಪಾಲು ಸಾಮಾನ್ಯವಾಗಿ ಶೇ. 10. ಮೇಲೆ ತೆರಿಗೆ, ಊರೂರು ಬಾಡಿಗೆ, ಪಾಠ ಹೇಳಿಕೊಡುವವರ ಫೀಸು. ಕೊರೊನಾ ಬಂದಾಗ ಇದರ ಬುಡ ಎಷ್ಟು ಟೊಳ್ಳು ಅಂತ ಎಲ್ಲರಿಗೂ ಕಾಣಿಸಿತು. ಮೆಟ್ರೊಪಾಲಿಟನ್ ಒಪೆರಾ 2020ರ ಮಾರ್ಚ್ 12ಕ್ಕೆ ಬಾಗಿಲು ಹಾಕಿತು, ತೆರೆದದ್ದು 2021ರ ಸೆಪ್ಟೆಂಬರಿಗೆ. ವೃಂದಗಾಯಕರಿಗೂ ವಾದ್ಯದವರಿಗೂ ಏಪ್ರಿಲ್ ಹುಟ್ಟುತ್ತಲೇ ಸಂಬಳ ನಿಂತಿತು, ಅತಿಥಿ ಗಾಯಕರ ಒಪ್ಪಂದಗಳು ರದ್ದಾದವು.

ಜರ್ಮನಿ ಬೇರೆ ಲೋಕ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಒಪೆರಾ ಮನೆಗಳು ಎಂಬತ್ತರ ಆಸುಪಾಸಿನಲ್ಲಿವೆ, ಒಂದೊಂದರಲ್ಲೂ ತಿಂಗಳ ಸಂಬಳದ ಗಾಯಕರ ತಂಡ ಇರುತ್ತದೆ. ಶಾರೀರದ ಜಾತಿಗೆ 'ಫಾಖ್' ಅನ್ನುತ್ತಾರೆ; ನಿಮ್ಮದು ಹಗುರ ಸೊಪ್ರಾನೊ ಆದರೆ ಹಗುರ ಸೊಪ್ರಾನೊ ಪಾತ್ರಗಳಷ್ಟೇ ನಿಮ್ಮವು. ವರ್ಷ ವರ್ಷ ನವೀಕರಣವಾಗುವ ಒಪ್ಪಂದ, ಮುಂದಿನ ವರ್ಷಕ್ಕೆ ಬೇಡ ಅನ್ನುವುದಾದರೆ ಸಾಮಾನ್ಯವಾಗಿ ಅಕ್ಟೋಬರ್ 31ರೊಳಗೆ ಹೇಳಬೇಕು. ಅಲ್ಲಿನ ಗಾಯಕರಿಗೆ ಆ ತಿಂಗಳು ನಮ್ಮ ಎಸ್ಸೆಸ್ಸೆಲ್ಸಿ ಫಲಿತಾಂಶದ ವಾರದ ಹಾಗೆ. ರೆಪೆಟಿಟರುಗಳೂ ಇದೇ ಒಪ್ಪಂದದ ಕೆಳಗೆ ಬರುತ್ತಾರೆ. ಕನಿಷ್ಠ ಸಂಬಳ 2022ರಲ್ಲಿ ತಿಂಗಳಿಗೆ 2,000 ಯೂರೋ ಇತ್ತು, 2023ರಲ್ಲಿ 2,700ರ ಮೇಲಕ್ಕೆ ಹೋಯಿತು. ಶ್ರೀಮಂತಿಕೆಯಲ್ಲ, ಆದರೆ ಮನೆ ಬಾಡಿಗೆ ಕಟ್ಟಿ ಊಟಮಾಡಬಹುದು.

ಪಿಯಾನೊ ಕಡೆ ದುಡ್ಡು ಹನಿ ನೀರಾವರಿ. ಹಾಡುವವರು ಎಲ್ಲಿದ್ದಾರೋ ಅಲ್ಲೆಲ್ಲ ಪಿಯಾನಿಸ್ಟ್ ಬೇಕು, ಅದರಲ್ಲೂ ನೋಡಿದೊಡನೆ ನುಡಿಸಬಲ್ಲವರು ಯಾವತ್ತೂ ಕಡಿಮೆ. ವಿಶ್ವವಿದ್ಯಾಲಯದ ಸಂಗೀತ ವಿಭಾಗ, ಚರ್ಚು, ವೃಂದಗಾನ, ಸ್ಪರ್ಧೆ, ಆಡಿಷನ್, ಮನೆಪಾಠ. ಬೆಂಗಳೂರಿನಲ್ಲೇ ನೋಡಿ: ಎಬಿಆರ್‌ಎಸ್‌ಎಂ ಅನ್ನುವ ಲಂಡನ್ನಿನ ಮಂಡಳಿಯ ಗ್ರೇಡ್ ಪರೀಕ್ಷೆಯಲ್ಲಿ ಹಾಡುವ, ಪಿಟೀಲು ನುಡಿಸುವ ಮಕ್ಕಳು ಪಿಯಾನಿಸ್ಟನ್ನು ತಾವೇ ಕರೆತರಬೇಕು, ಪರೀಕ್ಷೆಯ ತಿಂಗಳಲ್ಲಿ ನನ್ನ ಫೋನು ಬಿಡುವು ಕೊಡುವುದಿಲ್ಲ. ಕೆಲಸ ಇಲ್ಲ ಅಂತ ಕೂತ ಒಳ್ಳೆಯ ಸಹವಾದಕರನ್ನು ನಾನು ಕಂಡಿಲ್ಲ. ಮೈಮುರಿದು ಸುಸ್ತಾಗಿ ಕೂತವರನ್ನು ತುಂಬ ಕಂಡಿದ್ದೇನೆ. ಒಂದು ಗಂಟೆಯ ಹಣಕ್ಕೆ ಹಿಂದೆ ನಾಲ್ಕು ಗಂಟೆಯ ತಯಾರಿ ಇರುತ್ತದೆ, ಅದನ್ನು ಯಾರೂ ಎಣಿಸುವುದಿಲ್ಲ. "ಹೇಗೂ ಹಾಳೆ ನೋಡಿ ನುಡಿಸ್ತೀರಲ್ಲ" ಅನ್ನುತ್ತಾರೆ.

ನಡುವಿನ ದಾರಿಯೊಂದನ್ನು ಜನ ಮರೆಯುತ್ತಾರೆ: ಒಪೆರಾದ ಕಾಯಂ ವೃಂದಗಾಯನ. ಮೆಟ್ರೊಪಾಲಿಟನ್‌ನಂಥ ಕಡೆ ಅದು ಪೂರ್ಣಾವಧಿ ಕೆಲಸ, ಸಂಘದ ಬೆಂಬಲ, ಒಂದೇ ಊರು, ಒಂದೇ ಮನೆ. "ಕೋರಸ್ಸಾ?" ಅಂತ ಮೂಗು ಮುರಿಯುವ ಮೊದಲು ಅವರ ನಿದ್ದೆಯನ್ನು ಏಕವ್ಯಕ್ತಿ ಗಾಯಕರ ನಿದ್ದೆಯ ಜತೆ ಹೋಲಿಸಿ.

ಹೆಸರು

ಜೆರಾಲ್ಡ್ ಮೂರ್ ಅನ್ನುವ ಇಂಗ್ಲಿಷ್ ಪಿಯಾನಿಸ್ಟ್ ಜೀವಮಾನವಿಡೀ ಇತರರಿಗೆ ನುಡಿಸಿದವರು. 1967ರ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ಅವರ ವಿದಾಯದ ಕಚೇರಿ. ಶ್ವಾರ್ಜ್‌ಕಾಫ್, ವಿಕ್ಟೋರಿಯ ದೆ ಲೊಸ್ ಆಂಜೆಲೆಸ್, ಫಿಷರ್-ಡೀಸ್ಕೌ, ಮೂವರೂ ಅವರಿಗಾಗಿ ಬಂದು ಹಾಡಿದರು. ಕೊನೆಗೆ ಮೂರ್ ಒಬ್ಬರೇ ಕುಳಿತು, ಸಂಗೀತಕ್ಕೇ ವಂದನೆ ಹೇಳುವ ಶೂಬರ್ಟನ ಹಾಡೊಂದನ್ನು ಗಾಯಕರಿಲ್ಲದೆ, ಬರೀ ಪಿಯಾನೊದಲ್ಲಿ ನುಡಿಸಿ ಎದ್ದರು. ಇಂಥ ಸಂಜೆ ಒಬ್ಬರಿಗೆ ಸಿಕ್ಕಿತು, ಸಾವಿರ ಜನಕ್ಕೆ ಸಿಗಲಿಲ್ಲ.

ಜೋಡಿಯಾಗಿ ಹೆಸರು ಮಾಡಿದವರೂ ಇದ್ದಾರೆ. ಬವೇರಿಯದ ಸ್ಟ್ರೌಬಿಂಗ್ ಊರಿನ ಗಾಯಕ ಕ್ರಿಸ್ಟಿಯಾನ್ ಗೆರ್ಹಾಹರ್, ಪಿಯಾನಿಸ್ಟ್ ಗೆರೊಲ್ಡ್ ಹೂಬರ್ ಹುಡುಗರಾಗಿದ್ದಾಗಿನಿಂದ ಜತೆ. ಈಗ ಒಬ್ಬರ ಹೆಸರು ಹೇಳಿದರೆ ಇನ್ನೊಬ್ಬರದು ತಾನಾಗೇ ಬರುತ್ತದೆ. ಗ್ರಹಾಂ ಜಾನ್ಸನ್ ಶೂಬರ್ಟನ ಹಾಡುಗಳನ್ನೆಲ್ಲ 37 ಸೀಡಿಗಳಲ್ಲಿ ಧ್ವನಿಮುದ್ರಿಸಿದಾಗ ಗಾಯಕರು ಬದಲಾಗುತ್ತಾ ಹೋದರು, ಪಿಯಾನೊ ಮುಂದೆ ಅವರೇ ಉಳಿದರು.

ಈ ಕಥೆಯಲ್ಲಿ ನಮ್ಮ ಮೈಸೂರಿಗೂ ಒಂದು ಮೂಲೆ ಇದೆ. ಜಯಚಾಮರಾಜ ಒಡೆಯರ್ ಸ್ವತಃ ಪಿಯಾನೊ ಕಲಿತವರು, ಲಂಡನ್ನಿನ ಫಿಲ್‌ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ದನಿಯಲ್ಲಿ ಕೇಳಿದಾಗ ಬೆನ್ನಿಗಿದ್ದದ್ದು ಅವರ ಹಣ. ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯದ ನಿಕೊಲಾಯ್ ಮೆಟ್ನರ್‌ನ ಸಂಗೀತವನ್ನು ಧ್ವನಿಮುದ್ರಿಸಲೂ ಹಣ ಕೊಟ್ಟರು. ಅದರ ಫಲವಾಗಿ ಮೆಟ್ನರ್‌ನ ಹಾಡುಗಳನ್ನು ಶ್ವಾರ್ಜ್‌ಕಾಫ್ ಹಾಡಿದ್ದು, ಬರೆದಾತನೇ ಪಿಯಾನೊ ಮುಂದೆ ಕುಳಿತು ಜತೆಗೊಟ್ಟದ್ದು ಇವತ್ತಿಗೂ ಕೇಳಲು ಸಿಗುತ್ತದೆ. ಎರಡು ದಾರಿಗಳ ವ್ಯತ್ಯಾಸ ಕಿವಿಗೆ ತಿಳಿಯಬೇಕಾದರೆ ನನ್ನ ವಿದ್ಯಾರ್ಥಿಗಳಿಗೆ ಅದನ್ನೇ ಹಾಕುತ್ತೇನೆ: ಮೊದಲ ಸಲ ಬರೀ ದನಿ ಕೇಳಿ, ಎರಡನೇ ಸಲ ಬರೀ ಎಡಗೈ ಕೇಳಿ. ಯಾವುದನ್ನು ಕೇಳುವಾಗ ಮೈ ಮುಂದೆ ಬಾಗಿತು ಅಂತ ನೋಡಿಕೊಳ್ಳಿ.

ಓದುವುದೆಲ್ಲಿ

ಗ್ರೇಡ್ ಪರೀಕ್ಷೆಗಳಲ್ಲಿ ಕೊನೆಯದಾದ ಎಂಟನೇ ಗ್ರೇಡು ಹೊಸ್ತಿಲು, ಮನೆಯಲ್ಲ. ಇದನ್ನು ಕೇಳಿ ಎಷ್ಟೋ ಅಪ್ಪಂದಿರ ಮುಖ ಬಾಡಿದ್ದನ್ನು ನೋಡಿದ್ದೇನೆ.

ಜರ್ಮನಿಯ ಸರ್ಕಾರಿ ಸಂಗೀತ ವಿದ್ಯಾಲಯಗಳಲ್ಲಿ ಬಹುತೇಕ ಕಡೆ ಬೋಧನಾ ಶುಲ್ಕವಿಲ್ಲ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತಿದೆ. ದುಡ್ಡಿಗಿಂತ ಪ್ರವೇಶ ಪರೀಕ್ಷೆಯೇ ಕಷ್ಟ, ಜತೆಗೆ ಜರ್ಮನ್ ಭಾಷೆ. ಹಾಡಿನ ಜತೆ ನುಡಿಸುವುದಕ್ಕೇ ಅಲ್ಲಿ ಬೇರೆ ಸ್ನಾತಕೋತ್ತರ ಪದವಿ ಇದೆ. ರೆಪೆಟಿಟರ್ ಕೆಲಸಕ್ಕೆ ಇನ್ನೊಂದು. ಅಮೆರಿಕದಲ್ಲಿ ಈ ವಿದ್ಯೆಗೆ ಪದವಿಯ ಮರ್ಯಾದೆ ತಂದವರು ಗ್ವೆಂಡೊಲಿನ್ ಕೊಲ್ಡೊಫ್‌ಸ್ಕಿ, 1947ರಲ್ಲಿ, ಸದರ್ನ್ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ. ಅವರ ಶಿಷ್ಯ ಮಾರ್ಟಿನ್ ಕಾಟ್ಜ್ ಮಿಶಿಗನ್ನಿನಲ್ಲಿ ಒಂದು ಪೀಳಿಗೆಯನ್ನೇ ತಯಾರುಮಾಡಿದರು. ಅಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಗೊತ್ತಿರಬೇಕಾದ ಸಂಗತಿ: ಒಳ್ಳೆಯ ಸಹವಾದಕರಿಗೆ ಶುಲ್ಕ ವಿನಾಯಿತಿ, ಕೈಖರ್ಚು ಸಿಗುವ ಸಾಧ್ಯತೆ ಗಾಯಕರಿಗಿಂತ ಹೆಚ್ಚು. ಹಾಡುವವರು ನೂರು ಜನ ಇರುವ ಕಡೆ ನುಡಿಸುವವರು ಬೇಕೇ ಬೇಕಲ್ಲ.

ಅದಾದ ಮೇಲೆ ಒಪೆರಾ ಮನೆಗಳ ತರಬೇತಿ ಯೋಜನೆಗಳು. ಮೆಟ್ರೊಪಾಲಿಟನ್‌ನಲ್ಲಿ 1980ರಲ್ಲಿ ಶುರುವಾದ ಲಿಂಡೆಮನ್ ಯೋಜನೆ, ರಾಯಲ್ ಒಪೆರಾದ ಜೆಟ್ ಪಾರ್ಕರ್ ಯೋಜನೆ, ಎರಡೂ ಗಾಯಕರನ್ನೂ ಪಿಯಾನಿಸ್ಟರನ್ನೂ ಆರಿಸುತ್ತವೆ. ಸೊಪ್ರಾನೊಗಳ ಸಾಲು ಎಲ್ಲ ಕಡೆಯೂ ಎಲ್ಲಕ್ಕಿಂತ ಉದ್ದ. ಟೆನರ್, ಅಂದರೆ ಎತ್ತರದ ಗಂಡು ದನಿಯ ಹುಡುಗರಿಗೆ ಕೊಂಚ ಜಾಗ ಇರುತ್ತದೆ.

ಭಾರತದಲ್ಲಿದ್ದುಕೊಂಡೇ ಒಪೆರಾ ಹಾಡಿ ಬದುಕುವ ಸ್ಥಿತಿ ಇನ್ನೂ ಬಂದಿಲ್ಲ. ಮುಂಬಯಿಯಲ್ಲಿ 2006ರಿಂದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ, ರಾಯಲ್ ಒಪೆರಾ ಹೌಸ್ ಅನ್ನುವ ಕಟ್ಟಡ ದುರಸ್ತಿಯಾಗಿ 2016ರಲ್ಲಿ ಮತ್ತೆ ತೆರೆಯಿತು, ಆದರೆ ಸಂಬಳ ಕೊಡುವ ಒಪೆರಾ ತಂಡ ಇಲ್ಲ. ಆ ಮರುತೆರೆಯುವ ಸಂಜೆ ಹಾಡಿದವರು ಮುಂಬಯಿಯಲ್ಲೇ ಹುಟ್ಟಿ ಲಂಡನ್ನಿನಲ್ಲಿ ಹೆಸರು ಮಾಡಿದ ಸೊಪ್ರಾನೊ ಪೆಟ್ರೀಷಿಯ ರೊಜಾರಿಯೊ. ನುಡಿಸಿದವರು ಅವರ ಪತಿ, ಪಿಯಾನಿಸ್ಟ್ ಮಾರ್ಕ್ ಟ್ರೂಪ್. ಇಬ್ಬರೂ ಸೇರಿ 2009ರಿಂದ ಇಲ್ಲಿನ ಹುಡುಗ ಹುಡುಗಿಯರಿಗೆ ದನಿ ತಿದ್ದುವ ಯೋಜನೆ ನಡೆಸಿದ್ದಾರೆ. ಒಂದು ಮನೆಯಲ್ಲಿ ಎರಡೂ ದಾರಿ.

ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳುವುದಾದರೆ ಒಂದು ಉಪಾಯ. ಎಂದೂ ನೋಡದ ಒಂದು ಹಾಡಿನ ಹಾಳೆ ತೆಗೆದುಕೊಳ್ಳಿ. ಪಿಯಾನೊ ಸಾಲುಗಳನ್ನು ನುಡಿಸುತ್ತಲೇ ಮೇಲಿನ ಸಾಲನ್ನು ಒರಟಾಗಿಯಾದರೂ ಹಾಡಿ. ನಿಲ್ಲದೆ, ತಿದ್ದದೆ, ಕೊನೆಯವರೆಗೆ. ತಪ್ಪು ಬಿದ್ದಾಗ "ಛೇ, ಇನ್ನೊಂದ್ಸಲ ಸರಿಯಾಗಿ" ಅನ್ನಿಸಿತೋ, "ಇರಲಿ, ಮುಂದೇನಿದೆ ನೋಡೋಣ" ಅನ್ನಿಸಿತೋ ಗಮನಿಸಿ. ಎರಡನೆಯದು ಸಹವಾದಕರ ಸ್ವಭಾವ. ಇನ್ನು ಆ ಹೊತ್ತಿನಲ್ಲಿ ಕೈಗಳು ಅಡ್ಡಿ ಅನ್ನಿಸಿ, ಎದ್ದು ನಿಂತು ಹಾಡಬೇಕು ಅನ್ನಿಸಿದರೆ, ಅದಕ್ಕೆ ಬೇರೆ ಉತ್ತರ ಹುಡುಕಬೇಕಾಗಿಲ್ಲ. ಆದರೆ ಇಪ್ಪತ್ತು ಆಡಿಷನ್ನಿನಲ್ಲಿ ಹತ್ತೊಂಬತ್ತು ಸಲ "ಧನ್ಯವಾದ, ತಿಳಿಸುತ್ತೇವೆ" ಕೇಳಿಸಿಕೊಂಡು ಇಪ್ಪತ್ತನೆಯದಕ್ಕೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಹೋಗುವ ಗಟ್ಟಿತನ ಬೇಕು. ನನಗೆ ಅದು ಇರಲಿಲ್ಲ. ಇಪ್ಪತ್ತೊಂದರವರೆಗೆ ನಾನೂ ಹಾಡುತ್ತಿದ್ದೆ.

ಮೊನ್ನೆ ಆ ಏಳನೇ ಗ್ರೇಡಿನ ಹುಡುಗಿ ಅಮ್ಮನನ್ನು ಬಿಟ್ಟು ಒಬ್ಬಳೇ ಬಂದಳು. ಇಷ್ಟೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಅವಳ ಮುಖದಲ್ಲಿ ಏನೂ ಕಾಣಲಿಲ್ಲ. "ಮಿಸ್, ಒಂದು ಹಾಡು ತಂದಿದೀನಿ, ನೀವು ನುಡಿಸಿ, ನಾನು ಹಾಡ್ತೀನಿ. ಆಮೇಲೆ ಬದಲಾಯಿಸೋಣ" ಅಂದಳು. ಚೀಲದಿಂದ ಹಾಳೆ ತೆಗೆದಳು. ಕೆಳಗಿನ ಸಾಲು ಅರ್ಧಕ್ಕೆ ಕತ್ತರಿಸಿ ಹೋಗಿತ್ತು.

"ಮೊದಲು ಕೆಳಗೆ ಅಂಗಡಿಗೆ ಹೋಗಿ ಸರಿಯಾಗಿ ಜೆರಾಕ್ಸ್ ಮಾಡಿಸ್ಕೊಂಡು ಬಾ," ಅಂದೆ.